ಉಳಿದ ಎರಡು ಲಕ್ಷ

ಭೂಮಿಯಲ್ಲಿ ಹಣ ಕಳೆದುಕೊಂಡವನಿಗೆ ಭೂಮಿಯಿಂದಲೇ ಅದನ್ನು ಮರಳಿ ಪಡೆಯಬೇಕೆಂಬ ಹಟ ಸಹಜ. ಆ ಹಟದಲ್ಲಿಯೇ ಎರಡನೆಯ ನಷ್ಟದ ಬೀಜವೂ ಅಡಗಿರುತ್ತದೆ.

ನನ್ನ ತಮ್ಮನು ನಿವೃತ್ತ ಶಿಕ್ಷಕ. ಧಾರವಾಡದ ಅಂಚಿನಲ್ಲಿ ನಿವೇಶನವೊಂದಕ್ಕೆ ನಿವೃತ್ತಿಯ ಹಣದ ಬಹುಭಾಗವನ್ನು ತೆತ್ತನು. ದೊರೆತದ್ದು ನೋಂದಾಯಿತ ಕ್ರಯಪತ್ರವಲ್ಲ, ಜಿ.ಪಿ.ಎ. ಎಂಬ ಅಧಿಕಾರ ಪತ್ರ. ಅದರಿಂದ ಒಡೆತನವು ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ಸ್ಪಷ್ಟಪಡಿಸಿದೆ. ಮಾರಿದವನು ಊರು ಬಿಟ್ಟನು. ತಮ್ಮನಿಗೆ ಉಳಿದದ್ದು 2 ಲಕ್ಷ ರೂಪಾಯಿ ಹಾಗೂ ಮದುವೆಗೆ ಬಂದ ಮಗಳು.

‘ಅಣ್ಣಾ, ಮಗಳ ಬಂಗಾರ ಒತ್ತಿ ಇಟ್ಟು ಇನ್ನೊಂದು ಪ್ಲಾಟ ಹಿಡದ್ರ ಎಲ್ಲಾ ಸರಿಹೋಗತದ’ ಎಂದನು. ನಾನು ಒಪ್ಪಲಿಲ್ಲ.

ಮಠದ ಪಾಠಶಾಲೆಯಲ್ಲಿ ತಾಡೋಲೆ ಓದುವುದನ್ನು ಕಲಿತವನು ನಾನು. ನಡುವೆ ಒಂದು ಗರಿ ಕಾಣೆಯಾಗಿದ್ದರೆ ಮುಂದಿನದನ್ನು ಸುಮ್ಮನೆ ನಂಬಬಾರದೆಂದು ಗುರುಗಳು ಹೇಳುತ್ತಿದ್ದರು. ಭೂಮಿಯ ಕಾಗದಗಳಿಗೂ ಅದೇ ನ್ಯಾಯ. ಪಹಣಿ, ಹಿಂದಿನ ಕ್ರಯಪತ್ರಗಳು, ಭೂಪರಿವರ್ತನೆಯ ಆದೇಶ, ಬಡಾವಣೆ ನಕ್ಷೆಯ ಅನುಮೋದನೆ, ಋಣಭಾರ ಪತ್ರ ಇವೆಲ್ಲವೂ ಸರಪಳಿಯ ಕೊಂಡಿಗಳಂತೆ ಕೂಡಬೇಕು. 2016ರ ರೇರಾ ಕಾಯಿದೆಯಂತೆ 500 ಚದರ ಮೀಟರಿಗಿಂತ ದೊಡ್ಡದಾದ ಹೊಸ ಬಡಾವಣೆಯ ನಿವೇಶನಗಳನ್ನು ಪ್ರಾಧಿಕಾರದಲ್ಲಿ ನೋಂದಾಯಿಸದೆ ಮಾರುವಂತಿಲ್ಲ. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ.

ಇಷ್ಟೆಲ್ಲ ಸರಿಯಿರುವ ನಿವೇಶನವು ತಮ್ಮನ ಕೈಯಲ್ಲಿದ್ದ ಹಣಕ್ಕೆ ದೊರೆಯದು. ಹಾಗೆಂದು ದಾರಿ ಮುಚ್ಚಿಲ್ಲ. ದೊಡ್ಡ ಕಚೇರಿ ಕಟ್ಟಡಗಳ ಬಾಡಿಗೆಯಲ್ಲಿ ಪಾಲು ಕೊಡುವ ‘ರೀಟ್’ ಎಂಬ ವ್ಯವಸ್ಥೆಯು 2019ರಿಂದ ನಮ್ಮ ಶೇರುಪೇಟೆಯಲ್ಲಿದೆ. 2021ರ ನಿಯಮ ಬದಲಾವಣೆಯ ತರುವಾಯ ಒಂದೇ ಯೂನಿಟ್ಟನ್ನೂ ಕೊಳ್ಳಬಹುದು. ಹಂಚಬಹುದಾದ ನಗದಿನಲ್ಲಿ ಶೇ. 90ಕ್ಕೆ ಕಡಿಮೆಯಿಲ್ಲದಷ್ಟನ್ನು ಪಾಲುದಾರರಿಗೆ ಕೊಡಲೇಬೇಕು. ಆದರೆ ಯೂನಿಟ್ಟಿನ ಬೆಲೆ ಇಳಿಯುವುದೂ ಉಂಟು. ಮದುವೆಗೆಂದಿಟ್ಟ ಹಣವನ್ನು ಅಲ್ಲಿ ತೊಡಗಿಸುವುದು ಸಲ್ಲದು.

ತಮ್ಮನು ಒಂದೂವರೆ ಲಕ್ಷವನ್ನು ಬ್ಯಾಂಕಿನ ಠೇವಣಿಯಲ್ಲಿಟ್ಟು, ಉಳಿದ ಐವತ್ತು ಸಾವಿರದಿಂದ ರೀಟ್ ಯೂನಿಟ್ಟುಗಳನ್ನು ಕೊಂಡನು. ಪಿಂಚಣಿಯಲ್ಲಿ ಉಳಿದುದನ್ನು ತಿಂಗಳು ತಿಂಗಳು ಅದಕ್ಕೆ ಸೇರಿಸುತ್ತಿದ್ದಾನೆ. ಕಳೆದುಹೋದುದು ಮರಳಿಲ್ಲ; ಬಹುಶಃ ಮರಳುವುದೂ ಇಲ್ಲ. ಆದರೆ ಮಗಳ ಬಂಗಾರವು ಮನೆಯಲ್ಲಿಯೇ ಇದೆ, ಮನೆಯವರು ನೆಮ್ಮದಿಯಿಂದ ಮಲಗುತ್ತಾರೆ.

ಓದುಗ ಬಂಧುಗಳೇ, ಸ್ವಲ್ಪ ಹಣದಿಂದ ಮರಳಿ ತೊಡಗುವವರು ಮೊದಲು ಸಾಲದ ಆಸೆಯನ್ನು ಬಿಡಬೇಕು. ಕಾಗದಗಳನ್ನು ತಾವೇ ಓದಬೇಕು; ತಿಳಿಯದಿದ್ದರೆ ಬಲ್ಲ ವಕೀಲರಿಂದ ಓದಿಸಬೇಕು. ‘ಇಂದೇ ಮುಂಗಡ ಕೊಡಿ, ನಾಳೆ ಸಿಗದು’ ಎನ್ನುವವನಿಗೆ ನಾಳೆಯೇ ಬರುವೆವೆಂದು ಹೇಳಿ ಎದ್ದು ಬರುವುದು ಲೇಸು.