ಆಕ್ಟಿಂಗ್ ಕಲಿಯೋಕೆ ಎಲ್ಲಿಗೆ ಹೋಗೋದು

1/7
ಫೋಟೋ: ನಮ್ಮ ಗದ್ದೆ ಬದು, ಹಿಂದೆ ವಿ.ಸಿ. ನಾಲೆ. ಪಾಂಡವಪುರ ತಾಲ್ಲೂಕು.

"ಲಂಡನ್ ಯಾವಾಗ?" ಅಂತ ಈ ತಿಂಗಳು ಬಂದಿರೋ ಮೆಸೇಜುಗಳಿಗೆಲ್ಲ ಒಂದೇ ಉತ್ತರ: ಹೋಗ್ತಿಲ್ಲ.

ಆಫರ್ ಲೆಟರ್ ಬಂದ ದಿನ ಕುಣಿದಾಡಿಕೊಂಡು ಸ್ಟೋರಿ ಹಾಕಿದ್ದು ನಾನೇ. ಹಾಗಾಗಿ ಯಾಕೆ ಹೋಗ್ತಿಲ್ಲ ಅಂತ ಹೇಳೋದೂ ನನ್ನ ಜವಾಬ್ದಾರಿ. ಒಂದು ಕ್ಯಾಪ್ಶನಲ್ಲಿ ಮುಗಿಯಲ್ಲ, ಏಳು ಭಾಗ ಮಾಡಿದ್ದೀನಿ. ಆಕ್ಟಿಂಗ್ ಓದಬೇಕು ಅಂತಿರೋ ಜೂನಿಯರ್ಸ್ ಸೇವ್ ಮಾಡ್ಕೊಳ್ಳಿ. ನನಗೆ ಇದನ್ನೆಲ್ಲ ಹೇಳೋರು ಯಾರೂ ಇರಲಿಲ್ಲ.

ಆ ಸ್ಕೂಲಿನ ಹೆಸರು ಬೇಡ. ಮೂರು ವರ್ಷದ ಬಿಎ ಆಕ್ಟಿಂಗ್. ಮೊದಲ ಸುತ್ತಿಗೆ ಎರಡು ಮೊನೊಲಾಗ್ ರೆಕಾರ್ಡ್ ಮಾಡಿ ಕಳಿಸಬೇಕು, ಒಂದು ಶೇಕ್ಸ್‌ಪಿಯರ್, ಒಂದು ಇವತ್ತಿನ ಕಾಲದ್ದು. ನಾನು ಲೇಡಿ ಮ್ಯಾಕ್‌ಬೆತ್ ಮಾಡಿದ್ದು ನಮ್ಮ ಪಕ್ಕದ ಆಲೆಮನೆಯ ಶೆಡ್ಡಲ್ಲಿ. ಅವತ್ತು ಬೆಲ್ಲ ಬೇಯಿಸ್ತಿರಲಿಲ್ಲ, ಜಾಗ ಖಾಲಿ ಇತ್ತು. ಹನ್ನೊಂದು ಟೇಕ್. ಏಳರಲ್ಲಿ ಪಂಪ್‌ಸೆಟ್ ಸದ್ದು, ಮೂರರಲ್ಲಿ ಕೋಳಿ. ಉಳಿದ ಒಂದನ್ನ ಕಳಿಸಿದೆ. ಸೆಲೆಕ್ಟ್ ಆಯ್ತು!

ಅಪ್ಪ ಕೇಳಿದ್ದು ಒಂದೇ ಮಾತು. "ಅಲ್ಲಿ ಊಟಕ್ಕೇನವ್ವ ಮಾಡ್ತೀಯ?"

ಫೀಸು ಎಷ್ಟು ಅಂತ ಕೇಳ್ಲೇ ಇಲ್ಲ. ಅದಾಗಲೇ ಅಣ್ಣನ ಹತ್ರ ಕೇಳಿಕೊಂಡಿದ್ದ ಅಂತ ನನಗೆ ಆಮೇಲೆ ಗೊತ್ತಾಯ್ತು.

2/7
ಫೋಟೋ: ಗದೆ ಹಿಡಿದಿರೋ ಅಪ್ಪ. ದುರ್ಯೋಧನ. ಕೆ.ಆರ್. ಪೇಟೆ ತಾಲ್ಲೂಕು, ನಮ್ಮ ಸೋದರಮಾವನ ಊರ ಹಬ್ಬ.

ಮಂಡ್ಯ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ: ನಮ್ಮಲ್ಲಿ ಹಬ್ಬಕ್ಕೆ ಕುರುಕ್ಷೇತ್ರ ನಾಟಕ ಕಟ್ತಾರೆ. ಪಾರ್ಟು ಮಾಡೋರೇ ದುಡ್ಡು ಕೊಡಬೇಕು. ದೊಡ್ಡ ಪಾರ್ಟಿಗೆ ದೊಡ್ಡ ದುಡ್ಡು. ಹಾರ್ಮೋನಿಯಂ ಡ್ರಾಮಾ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸ್ ಮಾಡಿಸ್ತಾರೆ. ಸೀನು, ಡ್ರೆಸ್ಸು, ಲೈಟು ಎಲ್ಲ ಬಾಡಿಗೆ. ಕಬ್ಬಿನ ದುಡ್ಡು ಬಂದ ವರ್ಷ ಅಪ್ಪ ದುರ್ಯೋಧನ, ಬರದಿದ್ದ ವರ್ಷ ಯಾವುದಾದ್ರೂ ಸಣ್ಣ ಪಾತ್ರ.

ಹೆಣ್ಣು ಪಾತ್ರಕ್ಕೆ ಮಾತ್ರ ಊರ ಹೆಂಗಸರಿಲ್ಲ. ಮೈಸೂರು, ಮಂಡ್ಯ, ತುಮಕೂರು ಕಡೆಯಿಂದ ಕಲಾವಿದೆಯರನ್ನ ದುಡ್ಡು ಕೊಟ್ಟು ಕರೆಸ್ತಾರೆ. ನನಗೆ ಎಂಟು ವರ್ಷ ಇದ್ದಾಗ ಮಾವನ ಊರಲ್ಲಿ ಸ್ಟೇಜ್ ಹಿಂದೆ ನುಗ್ಗಿದ್ದೆ. ದ್ರೌಪದಿ ಮಾಡೋರು ಮುಖಕ್ಕೆ ಬಣ್ಣ ಹಚ್ತಿದ್ರು. ನನ್ನ ಕೈಗೆ ಕನ್ನಡಿ ಕೊಟ್ಟು "ಅಲ್ಲಾಡಿಸಬೇಡ ಮಗ" ಅಂದ್ರು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ರಾತ್ರಿಯೆಲ್ಲ ಅವರು ಅತ್ತಾಗ ಮುಂದೆ ಚಾಪೆ ಮೇಲೆ ಕೂತಿದ್ದ ಹೆಂಗಸರೆಲ್ಲ ಅತ್ತರು. ಬೆಳಗ್ಗೆ ಅದೇ ಹೆಂಗಸರು ಅವರ ಬಗ್ಗೆ ಆಡಿದ ಮಾತು ಇಲ್ಲಿ ಬರೆಯೋಕಾಗಲ್ಲ.

ಅವ್ವನ ಭಯ ಹುಟ್ಟಿದ್ದು ಅಲ್ಲಿಂದ. "ನಾಟಕದೋಳು ಅಂತಾರೆ ಕಣೆ" ಅನ್ನೋದು ಅವಳ ಒಂದೇ ವಾದ. ನಾನು ತುಂಬಾ ವರ್ಷ ಆದಮೇಲೆ ಒಂದು ವಿಷಯ ಯೋಚಿಸಿದೆ. ಆ ರಾತ್ರಿ ಪಾತ್ರ ಮಾಡಿದ ಗಂಡಸರೆಲ್ಲ ದುಡ್ಡು ಕೊಟ್ಟು ನಿಂತಿದ್ರು. ಪಾತ್ರ ಮಾಡಿ ದುಡ್ಡು ತಗೊಂಡು ಹೋದದ್ದು ಆ ಹೆಂಗಸರು ಮಾತ್ರ. ಸ್ಟೇಜ್ ಮೇಲೆ ಪ್ರೊಫೆಷನಲ್ ಅಂತ ಇದ್ದವರು ಅವರೇ.

3/7
ಫೋಟೋ: ನನ್ನ ನೋಟ್‌ಬುಕ್ಕಿನ ಲೆಕ್ಕದ ಪುಟ. ನಗಬೇಡಿ.

ಇದು ಬೋರಿಂಗ್ ಭಾಗ, ಆದ್ರೆ ಮುಖ್ಯ.

ಒಂದು ವರ್ಷದ ಫೀಸೇ ಇಪ್ಪತ್ತು ಲಕ್ಷ ದಾಟುತ್ತೆ. ಹೊರದೇಶದವರಿಗೆ ಅಲ್ಲಿನ ಮಕ್ಕಳಿಗಿಂತ ಫೀಸು ಜಾಸ್ತಿ. ಮೇಲೆ ರೂಮು, ಊಟ. ಬ್ರಿಟನ್ ವೀಸಾಗೆ ಮೊದಲ ವರ್ಷದ ಬಾಕಿ ಫೀಸು ಮತ್ತು ತಿಂಗಳುಗಳ ಖರ್ಚಿನ ದುಡ್ಡು ಅಕೌಂಟಲ್ಲಿ ಸತತ 28 ದಿನ ಇದೆ ಅಂತ ತೋರಿಸಬೇಕು. ನಮ್ಮನೇಲಿ ದುಡ್ಡು 28 ಗಂಟೆ ನಿಂತರೆ ದೊಡ್ಡದು.

ಲೋನ್? ಸಾಮಾನ್ಯವಾಗಿ 7.5 ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕಿನವರು ಆಸ್ತಿ ಅಡ ಕೇಳ್ತಾರೆ. ಅಪ್ಪ ಪಹಣಿ ತಗೊಂಡು ಹೋದ. ಸಾಲ ಕಟ್ಟದಿದ್ರೆ ಆಸ್ತಿ ವಶಕ್ಕೆ ತಗೊಳ್ಳೋಕೆ ಬ್ಯಾಂಕುಗಳು ಬಳಸೋ ಸರ್ಫೇಸಿ ಕಾನೂನು ಕೃಷಿ ಭೂಮಿಗೆ ಅನ್ವಯ ಆಗಲ್ಲ. ಅದಕ್ಕೇ ಇಂಥ ಸಾಲಕ್ಕೆ ಸೈಟು, ಮನೆ ಇದ್ರೆ ತನ್ನಿ ಅಂತಾರೆ, ಗದ್ದೆ ಅಂದ್ರೆ ಹಿಂದೇಟು ಹಾಕ್ತಾರೆ. ಎರಡೆಕರೆ ನೀರಾವರಿ ಗದ್ದೆ, ನಾಲೆ ಪಕ್ಕ, ಆದ್ರೆ ಆ ಟೇಬಲ್ ಮೇಲೆ ಅದಕ್ಕೆ ಬೆಲೆ ಇಲ್ಲ. ಅಂದ್ರೆ ಗದ್ದೆ ಅಡ ಇಡೋ ಹಾಗಿಲ್ಲ, ಮಾರಬೇಕು.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯ್ತು. ಬ್ರಿಟನ್ನಿನ ಸ್ಟೂಡೆಂಟ್ ವೀಸಾದಲ್ಲಿ ಪಾರ್ಟ್ ಟೈಮ್ ಕೆಲಸ ಮಾಡಬಹುದು, ಆದ್ರೆ ಮನರಂಜನೆ ಕೊಡೋ ವೃತ್ತಿಪರ ಕಲಾವಿದೆಯಾಗಿ ದುಡಿಯೋ ಹಾಗಿಲ್ಲ. ಕಾಫಿ ಶಾಪಲ್ಲಿ ಲೋಟ ತೊಳೀಬಹುದು. ಕಲೀತಿರೋ ಕೆಲಸದಲ್ಲೇ ಸಂಬಳ ತಗೊಳ್ಳೋ ಹಾಗಿಲ್ಲ! ಅಮೆರಿಕಕ್ಕೂ ನೋಡಿದ್ದೆ. ಅಲ್ಲಿ ಬಿಎಫ್‌ಎ ನಾಲ್ಕು ವರ್ಷ. ಓದಿದ ಮೇಲೆ ಕೆಲಸಕ್ಕೆ 12 ತಿಂಗಳ ಅವಕಾಶ. ಸೈನ್ಸ್, ಎಂಜಿನಿಯರಿಂಗ್‌ನವರಿಗೆ ಇನ್ನೂ 24 ತಿಂಗಳು ಸಿಗುತ್ತೆ, ಆಕ್ಟಿಂಗ್‌ನವರಿಗೆ ಇಲ್ಲ.

ಹೋಗಬೇಡಿ ಅಂತ ಹೇಳ್ತಿಲ್ಲ. ಆಫರ್ ಲೆಟರ್ ಓದೋ ಮುಂಚೆ ವೀಸಾ ನಿಯಮ ಓದಿ ಅಂತ ಹೇಳ್ತಿದ್ದೀನಿ. ನಿಯಮ ಬದಲಾಗ್ತಾನೇ ಇರುತ್ತೆ, ಸರ್ಕಾರದ ವೆಬ್‌ಸೈಟಲ್ಲೇ ನೋಡಿ.

4/7
ಫೋಟೋ: ಮೈಸೂರು ರಂಗಾಯಣದ ವನರಂಗ, ಶೋ ಮುಗಿದ ಮೇಲೆ.

ಇಲ್ಲೇ ಏನೇನಿದೆ ಅಂತ ಪಟ್ಟಿ ಮಾಡಿದೆ. ಕ್ಲಾಸ್‌ಮೇಟ್ಸ್ ಕೇಳಿದ್ದಕ್ಕೆ ಹಾಕ್ತಿದ್ದೀನಿ.

ರಂಗಾಯಣ, ಮೈಸೂರು. 1989ರಲ್ಲಿ ಶುರು, ಮೊದಲ ನಿರ್ದೇಶಕರು ಬಿ.ವಿ. ಕಾರಂತರು. ಅಲ್ಲಿನ ಭಾರತೀಯ ರಂಗಶಿಕ್ಷಣ ಕೇಂದ್ರದಲ್ಲಿ ಒಂದು ವರ್ಷದ ಡಿಪ್ಲೊಮಾ. ಶ್ರೀರಂಗಪಟ್ಟಣದಿಂದ ಹದಿನೈದು ಕಿಲೋಮೀಟರ್ ಅಷ್ಟೇ. ಬಹುರೂಪಿ ನಾಟಕೋತ್ಸವ ನೋಡೋಕೆ ಬಸ್ಸಲ್ಲಿ ಹೋಗಿ ಬರ್ತಿದ್ವಲ್ಲ, ಅದೇ ಜಾಗ.

ನೀನಾಸಮ್, ಹೆಗ್ಗೋಡು, ಸಾಗರದ ಹತ್ತಿರ. ಊರಿನವರೇ 1949ರಲ್ಲಿ ಕಟ್ಟಿದ ಸಂಘ. ಕೆ.ವಿ. ಸುಬ್ಬಣ್ಣ ಅದನ್ನ ಬೆಳೆಸಿದ್ರು, 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ರಂಗಶಿಕ್ಷಣ ಕೇಂದ್ರ 1980ರಿಂದ ಇದೆ. ಒಂದು ವರ್ಷ ಅಲ್ಲೇ ಇದ್ದು ಕಲೀಬೇಕು. 1985ರಿಂದ ತಿರುಗಾಟ ತಂಡ ಕರ್ನಾಟಕದ ಊರೂರು ಸುತ್ತುತ್ತೆ.

ಎನ್‌ಎಸ್‌ಡಿ, ದೆಹಲಿ. 1959ರಲ್ಲಿ ಶುರು. ಮೂರು ವರ್ಷ, ಪ್ರತಿ ತಿಂಗಳು ಸ್ಟೈಪೆಂಡ್ ಕೊಡ್ತಾರೆ. ಡಿಗ್ರಿ ಆಗಿರಬೇಕು, ನಾಟಕ ಮಾಡಿರೋದಕ್ಕೆ ದಾಖಲೆ ಬೇಕು, ಹಿಂದಿ ಇಂಗ್ಲಿಷ್ ಅರ್ಥ ಆಗಬೇಕು. ದೇಶಕ್ಕೆಲ್ಲ ಸೇರಿ ಸ್ವಲ್ಪವೇ ಸೀಟು. ನಮ್ಮ ಹಿಂದಿಗೆ ಅಲ್ಲೂ ನಾವು ಇಂಟರ್‌ನ್ಯಾಷನಲ್ ಸ್ಟೂಡೆಂಟೇ. ಬೆಂಗಳೂರಿನ ಮಲ್ಲತ್ತಹಳ್ಳಿ ಕಲಾಗ್ರಾಮದಲ್ಲಿ ಅವರದೇ ಕೇಂದ್ರ ಇದೆ, ಅಲ್ಲಿ ಒಂದು ವರ್ಷದ ಕೋರ್ಸು.

ಸಾಣೇಹಳ್ಳಿ, ಹೊಸದುರ್ಗ ತಾಲ್ಲೂಕು. ಮಠದ ಆಶ್ರಯದಲ್ಲಿ ಶಿವಕುಮಾರ ರಂಗಪ್ರಯೋಗ ಶಾಲೆ, ಶಿವಸಂಚಾರ ತಂಡ.

ಇಷ್ಟು ಬರೆದ ಮೇಲೆ ನನಗೇ ನಾಚಿಕೆ ಆಯ್ತು. ಲಂಡನ್ನಿನ ಐದು ಸ್ಕೂಲಿನ ಫೀಸು ಬಾಯಿಗೆ ಬರ್ತಿತ್ತು. ಹೆಗ್ಗೋಡಿಗೆ ಯಾವ ಸ್ಟೇಷನ್ನಲ್ಲಿ ಇಳೀಬೇಕು ಅಂತ ಗೊತ್ತಿರಲಿಲ್ಲ. (ಸಾಗರ ಜಂಬಗಾರು. ತಾಳಗುಪ್ಪ ರೈಲು.)

5/7
ಫೋಟೋ: ಮುಖವೀಣೆ. ನಾಗಮಂಗಲ ತಾಲ್ಲೂಕು, ಅಜ್ಜಿ ಊರು.

ಆಫರ್‌ಗೆ ಮುಂಚೆ ಕೊನೆ ಸುತ್ತು ವೀಡಿಯೊ ಕಾಲಲ್ಲಿ ಆಗಿತ್ತು. ಮೂರು ಜನ ಕೂತಿದ್ರು. ತುಂಬಾ ಒಳ್ಳೆಯವರು. ಕೊನೇಲಿ "ನಿನ್ನ ಭಾಷೇಲಿ ಏನಾದ್ರೂ ಮಾಡು" ಅಂದ್ರು. ನಾನು ದ್ರೌಪದಿಯ ಮಾತು ಶುರು ಮಾಡಿದೆ. ಮಧ್ಯದಲ್ಲಿ ಮರೆತುಹೋಯ್ತು. ಬಾಯಿಗೆ ಬಂದ ಎರಡು ಸಾಲು ಸೇರಿಸಿ, ಜೋರಾಗಿ ಅತ್ತು ಮುಗಿಸಿದೆ. ಮೂವರೂ ತುಂಬಾ ಮೆಚ್ಚಿಕೊಂಡ್ರು.

ಇದನ್ನ ನಾಗಮಂಗಲದಲ್ಲಿ ಅಜ್ಜಿ ಮನೆ ಪಕ್ಕದ ತಾತನಿಗೆ ನಗ್ತಾ ಹೇಳಿದೆ. ಅವರು ಮೂಡಲಪಾಯ ಯಕ್ಷಗಾನದಲ್ಲಿ ವೇಷ ಕಟ್ತಿದ್ದವರು. ಕರಾವಳಿಯದಲ್ಲ, ನಮ್ಮ ಬಯಲುಸೀಮೆ ಯಕ್ಷಗಾನ. ಭಾಗವತರು, ಮದ್ದಳೆ, ಮುಖವೀಣೆ, ಬಯಲಲ್ಲಿ ರಾತ್ರಿಯೆಲ್ಲ ಆಟ. ಇದೇ ತಾಲ್ಲೂಕಿನ ಅಂಬಲಜೀರಹಳ್ಳಿಯ ಜೀ.ಶಂ. ಪರಮಶಿವಯ್ಯನವರು ಮೂಡಲಪಾಯದ ಬಗ್ಗೆ ಜೀವನಪೂರ್ತಿ ಕೆಲಸ ಮಾಡಿದವರು ಅಂತ ತಾತ ಹೆಮ್ಮೆಯಿಂದ ಹೇಳ್ತಿರ್ತಾರೆ.

ತಾತ ನಗಲಿಲ್ಲ. "ತಪ್ಪು ಮಾಡ್ದೆ ಅಂತ ಅವ್ರಿಗೆ ಗೊತ್ತಾಗ್ನಿಲ್ವಾ?"

"ಇಲ್ಲ ತಾತ."

"ಅಂಗಾರೆ ಸರಿ ಮಾಡಿದ್ರೂ ಗೊತ್ತಾಗದಿಲ್ಲ ಕಣವ್ವ."

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮೂರ ಕುರುಕ್ಷೇತ್ರದಲ್ಲಿ ಅಪ್ಪ ಒಂದು ಪದ ನುಂಗಿದ್ರೆ ಮುಂದೆ ಕೂತಿರೋ ಅಜ್ಜ ಎದ್ದು ನಿಂತು ಅದನ್ನ ಹೇಳಿಕೊಡ್ತಾನೆ. ಎಷ್ಟೋ ಸಲ ಅವಮಾನ ಆಗಿದೆ. ಆದ್ರೆ ಅವನಿಗಿಂತ ಕಷ್ಟದ ಎಕ್ಸಾಮಿನರ್ ನನಗೆ ಎಲ್ಲಿ ಸಿಗ್ತಾನೆ? ಲಂಡನ್ನಿನವರು ನನಗೆ ಉಸಿರು, ಧ್ವನಿ, ದೇಹ ಎಲ್ಲ ಕಲಿಸ್ತಿದ್ರು, ಅನುಮಾನ ಇಲ್ಲ. ಆದ್ರೆ ನನ್ನ ಕನ್ನಡ ಎಲ್ಲಿ ಸುಳ್ಳಾಗುತ್ತೆ ಅಂತ ಹಿಡಿಯೋರು ಅಲ್ಲಿ ಇರ್ತಿರಲಿಲ್ಲ.

6/7
ಫೋಟೋ: ಶ್ರೀರಂಗಪಟ್ಟಣ, ಕಾವೇರಿ ದಡ, ಸಾಯಂಕಾಲ.

ಇಲ್ಲಿ ಕೂತು ಉಲ್ಟಾ ವಾದಾನೂ ಮಾಡಿಕೊಂಡೆ. ಹೊರಗೆ ಹೋದವರೇ ಅಲ್ವಾ ದೊಡ್ಡ ಕೆಲಸ ಮಾಡಿದ್ದು?

ಗಿರೀಶ ಕಾರ್ನಾಡರು ಆಕ್ಸ್‌ಫರ್ಡಿಗೆ ಹೋದ್ರು. ಇಂಗ್ಲಿಷ್ ಕವಿ ಆಗಬೇಕು ಅಂದುಕೊಂಡಿದ್ದವರು, ಹೊರಡೋ ಹೊತ್ತಲ್ಲಿ ಬರೆದದ್ದು 'ಯಯಾತಿ', ಅದೂ ಕನ್ನಡದಲ್ಲಿ. 1963ರಲ್ಲಿ ವಾಪಸ್ ಬಂದ್ರು, 1964ರಲ್ಲಿ 'ತುಘಲಕ್'. ಈ ಶ್ರೀರಂಗಪಟ್ಟಣದ ಟಿಪ್ಪುವಿನ ಕನಸುಗಳ ಮೇಲೆ ಅವರು ಬರೆದ ನಾಟಕ ಮೊದಲು ಬಿಬಿಸಿ ರೇಡಿಯೊಗೆ. ಬಿ.ವಿ. ಕಾರಂತರು ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ್ರು, ಕಾಶಿಗೆ ಹೋದ್ರು, ಎನ್‌ಎಸ್‌ಡಿಯಲ್ಲಿ ಓದಿದ್ರು, 1977ರಲ್ಲಿ ಅದಕ್ಕೇ ನಿರ್ದೇಶಕರಾದ್ರು. ಆಮೇಲೆ ಮೈಸೂರಿಗೆ ಬಂದ್ರು. ನಮ್ಮ ಮೇಲುಕೋಟೆಯ ಪು.ತಿ.ನ. ಅವರ 'ಗೋಕುಲ ನಿರ್ಗಮನ'ವನ್ನ ರಂಗಕ್ಕೆ ತಂದವರೂ ಅವರೇ.

ಹಾಗಾದ್ರೆ ಹೋಗೋದು ತಪ್ಪಲ್ಲ. ಆದ್ರೆ ಇನ್ನೊಂದು ಸಲ ನೋಡಿದಾಗ ಬೇರೆ ಏನೋ ಕಾಣಿಸ್ತು. ಕಾರ್ನಾಡರು ಹೋಗಿದ್ದು ರೋಡ್ಸ್ ಸ್ಕಾಲರ್‌ಶಿಪ್ ಮೇಲೆ. ಕಾರಂತರನ್ನ ಕಾಶಿಗೆ ಓದೋಕೆ ಕಳಿಸಿದ್ದು ಗುಬ್ಬಿ ವೀರಣ್ಣನವರು. ಇಬ್ಬರ ದಾರಿಗೂ ಯಾರೋ ದುಡ್ಡು ಹಾಕಿದ್ರು. ನನ್ನ ದಾರಿಗೆ ಹಾಕೋಕಿರೋದು ಒಂದು ಗದ್ದೆ.

ಅವತ್ತು ಮನೆಗೆ ಬಂದಾಗ ಬದು ಮೇಲೆ ಗೊತ್ತಿಲ್ಲದ ಒಬ್ಬರು ಹೆಜ್ಜೆ ಹಾಕಿ ಅಳೀತಿದ್ರು. ಬ್ರೋಕರ್. ಪಕ್ಕದಲ್ಲಿ ಅಪ್ಪ.

7/7
ಫೋಟೋ: ಅಪ್ಪನ ಕೈ. ಅವನಿಗೆ ಗೊತ್ತಿಲ್ಲದ ಹಾಗೆ ತೆಗೆದದ್ದು.

"ಒಂದ್ ಎಕ್ರೆ ಓದ್ರೆ ಓಯ್ತದೆ ಬುಡು. ನಾನು ದುರ್ಯೋಧ್ನನ್ ಪಾರ್ಟಿಗೆ ಕಳ್ದಿಲ್ವಾ ದುಡ್ಡ" ಅಂದ ಅಪ್ಪ.

"ಅಪ್ಪ, ಒಂದು ಎಕ್ರೆ ಮೊದಲನೇ ವರ್ಷಕ್ಕೆ. ಆಮೇಲೆ?"

ಅಪ್ಪ ಮಾತಾಡ್ಲಿಲ್ಲ. ಒಳಗಿಂದ ಅವ್ವ ಹೇಳಿದ್ಲು, "ಓದದಾದ್ರೆ ಓಗ್ಲಿ ಬುಡಿ. ನಾನೇನ್ ಬ್ಯಾಡ ಅಂದಿಲ್ಲ." ನಾಟಕದೋಳು ಅಂತಾರೆ ಅಂತಿದ್ದ ಅವ್ವ! ಆ ಒಂದು ಮಾತು ಬಂದ ಮೇಲೆ ನನಗೆ ಲಂಡನ್ ಬೇಡ ಅನ್ನೋದು ಸುಲಭ ಆಯ್ತು. ಯಾಕಂದ್ರೆ ಈಗ ಬೇಡ ಅಂದ್ರೆ ಅದು ಹೆದರಿ ಅಂದ ಹಾಗಲ್ಲ.

ಒಂದು ವರ್ಷ ಮುಂದಕ್ಕೆ ಹಾಕ್ತೀರಾ ಅಂತ ಸ್ಕೂಲಿಗೆ ಬರೆದೆ. ಆಗಲ್ಲ, ಮತ್ತೆ ಆಡಿಷನ್ ಕೊಡಬೇಕು ಅಂದ್ರು. ಬಿಟ್ಟೆ. ಆ ಮೇಲ್ ಕಳಿಸಿದ ಮೇಲೆ ಆಲೆಮನೆ ಹಿಂದೆ ಕೂತು ಅತ್ತಿದ್ದೀನಿ, ಸುಳ್ಳು ಯಾಕೆ ಹೇಳ್ಲಿ. ಈಗಲೂ ಯಾರದಾದ್ರೂ ಏರ್‌ಪೋರ್ಟ್ ಫೋಟೋ ನೋಡಿದ್ರೆ ಹೊಟ್ಟೆ ಚುರುಕ್ ಅನ್ನುತ್ತೆ.

ಉಳಿದದ್ದು ಮೈಸೂರಾ, ಹೆಗ್ಗೋಡಾ. ಮೈಸೂರಾದ್ರೆ ದಿನಾ ರಾತ್ರಿ ಮನೆಗೆ ಬರ್ತೀನಿ, ಅವ್ವನ ಮುದ್ದೆ ತಿಂತೀನಿ, ಹಸು ಕರೆಯೋಕೂ ನಿಲ್ತೀನಿ. ಅರ್ಧ ವಿದ್ಯಾರ್ಥಿನಿ ಆಗ್ತೀನಿ. ನನಗೆ ಮನೆಯಿಂದ ದೂರ ಬೇಕಿತ್ತು, ಭಾಷೆಯಿಂದ ದೂರ ಬೇಕಿರಲಿಲ್ಲ. ಹೆಗ್ಗೋಡಿಗೆ ಸಂದರ್ಶನ ಕೊಟ್ಟೆ. ಸೀಟು ಸಿಕ್ಕಿದೆ. ಒಂದು ವರ್ಷ ಆದಮೇಲೆ ದೆಹಲಿಗೆ ಅರ್ಜಿ ಹಾಕ್ತೀನಿ. ಆಮೇಲೆ ಸ್ಕಾಲರ್‌ಶಿಪ್ ಸಿಕ್ಕರೆ ಲಂಡನ್ ಅಲ್ಲೇ ಇರುತ್ತೆ. ಗದ್ದೆ ಹೋದ್ರೆ ವಾಪಸ್ ಬರಲ್ಲ.

ನಿಮ್ಮ ಲೆಕ್ಕ ಬೇರೆ ಇರಬಹುದು. ಸ್ಕಾಲರ್‌ಶಿಪ್ ಇದ್ರೆ, ಮನೇಲಿ ಅನುಕೂಲ ಇದ್ರೆ, ಇಂಗ್ಲಿಷಲ್ಲೇ ನಟಿಸಬೇಕು ಅಂತಿದ್ರೆ ಧಾರಾಳವಾಗಿ ಹೋಗಿ. ಆದ್ರೆ ಸ್ಕೂಲ್ ಹೆಸರು ನೋಡೋ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ಳಿ: ಯಾವ ಭಾಷೇಲಿ ನಟಿಸ್ತೀನಿ? ನನ್ನ ತಪ್ಪನ್ನ ಹಿಡಿಯೋರು ಯಾರು? ದುಡ್ಡು ಯಾರದ್ದು?

ಈ ಸಲ ಮಾವನ ಊರ ಹಬ್ಬಕ್ಕೆ ದ್ರೌಪದಿ ಪಾರ್ಟು ನಾನೇ ಮಾಡ್ತೀನಿ ಅಂತ ಹೇಳಿದ್ದೀನಿ. ಡ್ರಾಮಾ ಮೇಷ್ಟ್ರು ಒಪ್ಪಿದ್ದಾರೆ. ಮಾವ ಇನ್ನೂ ಗೊಣಗ್ತಿದ್ದಾರೆ. ಅಪ್ಪ ಮಾತ್ರ ಒಂದು ಷರತ್ತು ಹಾಕಿದ್ದಾನೆ: ದುರ್ಯೋಧನನ್ನ ಬೈಯೋವಾಗ ಅಪ್ಪ ಅಂತ ನೋಡಬಾರದು.

ನಿಮ್ಮೂರಲ್ಲಿ ಹೆಣ್ಣುಮಕ್ಕಳು ನಾಟಕ ಮಾಡ್ತಾರಾ? ಕಾಮೆಂಟಲ್ಲಿ ಹೇಳಿ, ಎಲ್ಲಾನೂ ಓದ್ತೀನಿ.

#ಪಾಂಡವಪುರ #ಕೆಆರ್‌ಪೇಟೆ #ನಾಗಮಂಗಲ #ಶ್ರೀರಂಗಪಟ್ಟಣ #ರಂಗಭೂಮಿ #ಕುರುಕ್ಷೇತ್ರನಾಟಕ