ಹೋಗಿ ಬರ್ತೀನಿ

ಮೈಸೂರು ಸಂಸ್ಥಾನಕ್ಕೆ ಇಂಗ್ಲಿಷ್ ಕಲಿಸಲು ಬಂದ ಪರದೇಶದ ಮೇಷ್ಟ್ರುಗಳ ಮೇಲೆ ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ಹಾಗೆಂದರೆ ಜನ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಯಾವಾಗ ಮುಗಿಯುತ್ತೆ? ಇದರಿಂದ ಏನು ಉಪಯೋಗ? ಮೊದಲನೆಯದಕ್ಕೆ ಉತ್ತರ ನನ್ನ ಗೈಡಿಗೂ ಗೊತ್ತಿಲ್ಲ. ಎರಡನೆಯದಕ್ಕೆ ಒಂದು ಉತ್ತರ ಈ ಮೂರು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವೇ ಸಿಕ್ಕಿದೆ. ಅದರಲ್ಲಿ ಅರ್ಧ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಪುಸ್ತಕಗಳಿಂದ ಬಂದದ್ದು, ಇನ್ನರ್ಧ ವಾಟ್ಸ್ಯಾಪಿನಿಂದ.

ವಾಟ್ಸ್ಯಾಪಿನ ಕತೆ ಇದು. ಎಂ.ಎ.ಯಲ್ಲಿ ನನ್ನ ಜೊತೆ ಓದಿದ ಮಲ್ಲೇಶ್ವರದ ಗೆಳತಿಯೊಬ್ಬಳು ಜಪಾನಿನ ಹಳ್ಳಿಯೊಂದರಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದಾಳೆ. ಅಲ್ಲಿನ ಸರ್ಕಾರ 1987ರಿಂದ ನಡೆಸುತ್ತಿರುವ ‘ಜೆಟ್’ ಎಂಬ ಯೋಜನೆಯಿದೆ. ಬೇರೆ ಬೇರೆ ದೇಶಗಳ ಪದವೀಧರರನ್ನು ಕರೆಸಿಕೊಂಡು ಶಾಲೆಗಳಿಗೆ ಸಹಾಯಕ ಶಿಕ್ಷಕರಾಗಿ ಕಳಿಸುತ್ತಾರೆ. ಒಂದೊಂದು ವರ್ಷದ ಕರಾರು, ಹೆಚ್ಚೆಂದರೆ ಐದು ವರ್ಷ. ಟೋಕಿಯೊದ ಕನಸು ಕಾಣುತ್ತಿದ್ದವಳಿಗೆ ಸಿಕ್ಕಿದ್ದು ಶಿಮಾನೆ ಪ್ರಾಂತದ ಬೆಟ್ಟಗಳ ನಡುವಿನ ಊರು. ದಿನಕ್ಕೆ ನಾಲ್ಕು ಬಸ್ಸು. ಮಾಧ್ಯಮಿಕ ಶಾಲೆಯ ಮೂರೂ ತರಗತಿ ಸೇರಿದರೆ ಇಪ್ಪತ್ತೊಂದು ಮಕ್ಕಳು.

ಮೊದಲ ತಿಂಗಳುಗಳ ಅವಳ ವಾಯ್ಸ್ ಮೆಸೇಜುಗಳೆಲ್ಲ ಊಟ ಮತ್ತು ಕಸದ ಬಗ್ಗೆ. ಯಾವ ವಾರ ಯಾವ ಕಸ, ಯಾವುದಕ್ಕೆ ಯಾವ ಚೀಲ, ಬಾಟಲಿಯ ಮುಚ್ಚಳ ಬೇರೆ, ಮೈಗಂಟಿದ ಚೀಟಿ ಬೇರೆ. ಮಧ್ಯಾಹ್ನ ಶಾಲೆಯಲ್ಲೇ ಊಟ. ಮಕ್ಕಳೇ ಬಿಳಿ ಟೋಪಿ ಹಾಕಿಕೊಂಡು ಬಡಿಸುತ್ತಾರೆ, ಟೀಚರೂ ಅವರ ಜೊತೆ ಕೂತು ಅದನ್ನೇ ತಿನ್ನಬೇಕು. ಮೊಟ್ಟೆಯನ್ನೂ ಮುಟ್ಟದ ಮನೆಯಿಂದ ಹೋದವಳಿಗೆ ತರಕಾರಿ ಸಾರಿನ ತಿಳಿಯಲ್ಲೂ ಮೀನಿದೆ ಎಂದು ತಿಳಿಯಲು ಎರಡು ವಾರ ಬೇಕಾಯಿತು. ಆಮೇಲೆ ಅವಳು ಡಬ್ಬಿ ಕಟ್ಟಿಕೊಂಡು ಹೋಗಲು ಅನುಮತಿ ಪಡೆದಳು. ಮಕ್ಕಳು ಆ ಡಬ್ಬಿಯ ಸುತ್ತ ನೆರೆದು, ಇಂಡಿಯಾದಲ್ಲಿ ದಿನಾ ಕರ್ರಿ ತಿಂತಾರಾ ಎಂದು ಕೇಳಿದರಂತೆ. ಊಟ ಮುಗಿದ ಮೇಲೆ ಶಾಲೆಯ ನೆಲ ಒರೆಸುವವರೂ ಮಕ್ಕಳೇ. ‘ನಾನೂ ಬಟ್ಟೆ ಹಿಡಿದು ಒರೆಸಿದೆ ಕಣೇ, ಅವತ್ತಿಂದ ನನ್ನ ಹತ್ರ ಮಾತಾಡೋಕೆ ಶುರು ಮಾಡಿದ್ರು’ ಎಂದಿದ್ದಳು.

ಅವಳನ್ನು ಆ ಊರಿಗೆ ಹೊಂದಿಸಿದ್ದು ಇಂಗ್ಲಿಷಲ್ಲ ಎಂಬುದು ನನಗೆ ತಿಳಿದದ್ದು ನಿಧಾನವಾಗಿ. ಇಂಗ್ಲಿಷಿನ ಮೂಲಕ ಜಪಾನಿ ಕಲಿಯಲು ಹೊರಟವಳು ಎರಡು ತಿಂಗಳು ಒದ್ದಾಡಿದಳು. ಒಂದು ದಿನ ಪಠ್ಯಪುಸ್ತಕದ ವಾಕ್ಯವೊಂದನ್ನು ಸುಮ್ಮನೆ ಕನ್ನಡಕ್ಕೆ ಹೊರಳಿಸಿದಳಂತೆ. ‘ಗಕ್ಕೋ ನಿ ಇಕು’. ಗಕ್ಕೋ ಎಂದರೆ ಶಾಲೆ, ನಿ ಎಂದರೆ ‘ಗೆ’, ಇಕು ಎಂದರೆ ಹೋಗು. ಶಾಲೆಗೆ ಹೋಗು! ಕ್ರಿಯಾಪದ ಕೊನೆಯಲ್ಲಿ, ವಿಭಕ್ತಿ ನಾಮಪದದ ಹಿಂದೆ. ಬರ್ತೀನಿ ಅಂತ ಹೇಳಿದ ಎಂಬುದರಲ್ಲಿ ನಮ್ಮ ‘ಅಂತ’ ಇರುವ ಜಾಗದಲ್ಲಿ ಅವರ ‘ತೋ’ ಇದೆ. ತಿಂದು ನೋಡು ಎನ್ನುವುದಕ್ಕೆ ‘ತಾಬೆತೆ ಮಿರು’. ತಾಬೆತೆ ಎಂದರೆ ತಿಂದು, ಮಿರು ಎಂದರೆ ನೋಡು. ನಾಲಿಗೆಯಿಂದ ಮಾಡುವ ಕೆಲಸವನ್ನು ಅವರೂ ಕಣ್ಣಿಗೇ ಒಪ್ಪಿಸಿದ್ದಾರೆ. ಎರಡು ಭಾಷೆಗಳೂ ಒಂದೇ ಬಳ್ಳಿಯವು ಎಂದು ಹೇಳಲು ಇಷ್ಟು ಸಾಲದು, ನಾನು ಹಾಗೆ ಹೇಳುತ್ತಲೂ ಇಲ್ಲ. ಆದರೆ ಮಲ್ಲೇಶ್ವರದ ಹುಡುಗಿಯೊಬ್ಬಳಿಗೆ ಶಿಮಾನೆಯ ಬಸ್ ಸ್ಟಾಪಿನಲ್ಲಿ ಅಜ್ಜಿಯರ ಜೊತೆ ಮಾತಾಡಲು ಅಷ್ಟು ಸಾಕಾಯಿತು.

ಬಸ್ಸು ಎಂದೆನಲ್ಲ, ಅವರದು ‘ಬಸು’. ನಾವು ಡೆಸ್ಕು ಎಂದರೆ ಅವರು ‘ದೆಸುಕು’. ನಮ್ಮ ಟೇಬಲ್ಲು ಅವರಿಗೆ ‘ತೇಬುರು’, ನಮ್ಮ ಹೋಟೆಲ್ಲು ‘ಹೋತೆರು’. ವ್ಯಂಜನದಲ್ಲಿ ನಿಂತ ಇಂಗ್ಲಿಷ್ ಪದಕ್ಕೆ ಒಂದು ಉಕಾರ ಹಚ್ಚಿ ಕೂರಿಸುವುದು ನಮ್ಮಂತೆ ಅವರಿಗೂ ಅಭ್ಯಾಸ. ಆ ಉಕಾರವನ್ನು ತಿದ್ದಲೆಂದೇ ಅವಳಿಗೆ ಸಂಬಳ. ಸಾಗರದ ಕಡೆಯ ಕನ್ನಡ ಶಾಲೆಯಲ್ಲಿ ಓದಿ ಬೆಂಗಳೂರಿನ ಕಾಲೇಜಿಗೆ ಬಂದ ನನಗೆ ಆ ಉಕಾರಕ್ಕೆ ನಕ್ಕವರ ಮುಖಗಳು ಇನ್ನೂ ನೆನಪಿವೆ. ಅವಳಿಗೆ ಅಂದೆ, ‘ತಿದ್ದು, ಆದರೆ ನಗಬೇಡ.’ ಅವಳು ಬೋರ್ಡಿನ ಮೇಲೆ ‘ಬಸು’ ಎಂದೂ ಪಕ್ಕದಲ್ಲಿ ಕನ್ನಡ ಲಿಪಿಯಲ್ಲಿ ‘ಬಸ್ಸು’ ಎಂದೂ ಬರೆದು, ನಮ್ಮೂರಲ್ಲೂ ಹೀಗೇ ಅಂತಾರೆ ಎಂದು ಪಾಠ ಶುರು ಮಾಡಿದಳಂತೆ.

ಶಿಮಾನೆಯ ದೊಡ್ಡ ಪಟ್ಟಣ ಮತ್ಸುಯೆ. ಅಲ್ಲಿಗೆ 1890ರಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟ್ರು ಬಂದಿದ್ದ. ಗ್ರೀಸಿನ ದ್ವೀಪವೊಂದರಲ್ಲಿ ಹುಟ್ಟಿ, ಐರ್ಲೆಂಡಿನಲ್ಲಿ ಬೆಳೆದು, ಅಮೆರಿಕದಲ್ಲಿ ಪತ್ರಕರ್ತನಾಗಿದ್ದ ಲಾಫ್ಕಾಡಿಯೋ ಹರ್ನ್. ಆ ಊರಿನಲ್ಲಿ ಅವನಿದ್ದದ್ದು ಒಂದೂಕಾಲು ವರ್ಷ. ಅಷ್ಟರಲ್ಲಿ ಸೆತ್ಸು ಎಂಬ ಹೆಣ್ಣುಮಗಳ ಜೊತೆ ಸಂಸಾರ ಹೂಡಿದ, ಮುಂದೆ ಕೊಯಿಜುಮಿ ಯಾಕುಮೊ ಎಂದು ಹೆಸರು ಬದಲಿಸಿಕೊಂಡು ಜಪಾನಿ ಪ್ರಜೆಯಾದ, 1904ರಲ್ಲಿ ಅಲ್ಲೇ ತೀರಿಕೊಂಡ. ಜಪಾನಿ ಅವನಿಗೆ ಪೂರ್ತಿ ಒಲಿಯಲಿಲ್ಲ. ಗಂಡಹೆಂಡಿರಿಬ್ಬರೂ ಮುರುಕು ಜಪಾನಿಯಲ್ಲಿ ತಮ್ಮದೇ ಒಂದು ಮನೆಮಾತು ಕಟ್ಟಿಕೊಂಡಿದ್ದರು. ಸೆತ್ಸು ಅದರಲ್ಲಿ ದೆವ್ವದ ಕತೆ ಹೇಳಿದರೆ ಹರ್ನ್ ಅದನ್ನು ಇಂಗ್ಲಿಷಿನಲ್ಲಿ ಬರೆದ. ‘ಕ್ವೈದಾನ್’ ಹುಟ್ಟಿದ್ದು ಹಾಗೆ.

ಇದಕ್ಕೂ ಮೂವತ್ತು ವರ್ಷ ಹಿಂದೆ, 1860ರಲ್ಲಿ, ನಮ್ಮ ಬೆಂಗಳೂರಿನ ಹೈಸ್ಕೂಲಿಗೆ ಹೆಡ್‌ಮಾಸ್ಟರಾಗಿ ಇಪ್ಪತ್ಮೂರರ ಒಬ್ಬ ಯುವಕ ಬಂದ. ಆ ಹೈಸ್ಕೂಲೇ ಮುಂದೆ ಸೆಂಟ್ರಲ್ ಕಾಲೇಜಾಯಿತು. ಯುವಕ ಬಿ.ಎಲ್. ರೈಸ್. ಹುಟ್ಟಿದ್ದು ಬೆಂಗಳೂರಿನಲ್ಲೇ, ಲಂಡನ್ ಮಿಷನ್ನಿನ ಪಾದ್ರಿಯ ಮಗ, ಓದಲು ಇಂಗ್ಲೆಂಡಿಗೆ ಹೋಗಿ ವಾಪಸಾದವನು. ಆಮೇಲೆ ಶಾಲೆಗಳ ಇನ್ಸ್‌ಪೆಕ್ಟರಾದ. ತಪಾಸಣೆಗೆ ಊರೂರು ತಿರುಗುವಾಗ ದೇವಸ್ಥಾನದ ಮುಂದೆ, ಕೆರೆಯ ಏರಿಯ ಮೇಲೆ ನಿಂತ ಕಲ್ಲುಗಳನ್ನು ಕಂಡ. ಆ ಕಲ್ಲುಗಳೇ ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಾದವು. ಪಂಪಭಾರತವನ್ನು 1898ರಲ್ಲಿ ಅಚ್ಚು ಮಾಡಿಸಿದವನೂ ಅವನೇ. ನಾನು ಓದಲು ಕೂರುವ ಪರಿಷತ್ತು ಪಂಪ ಮಹಾಕವಿ ರಸ್ತೆಯಲ್ಲಿದೆ. ಆ ಫಲಕ ನೋಡಿದಾಗಲೆಲ್ಲ ಈ ಇಂಗ್ಲಿಷ್ ಹೆಡ್‌ಮಾಸ್ಟರ್ ನೆನಪಾಗುತ್ತಾನೆ. ನಲವತ್ತಾರು ವರ್ಷ ಇಲ್ಲಿ ದುಡಿದು 1906ರಲ್ಲಿ ನಿವೃತ್ತನಾದ. ಪುರಾತತ್ತ್ವ ಇಲಾಖೆಯ ಅವನ ಕುರ್ಚಿಗೆ ಆರ್. ನರಸಿಂಹಾಚಾರ್ಯರು ಬಂದರು, ಅವನು ಇಂಗ್ಲೆಂಡಿಗೆ ಹೊರಟುಹೋದ.

ಮೂರನೆಯವನು ಜೇಮ್ಸ್ ಕಸಿನ್ಸ್, ಐರಿಷ್ ಕವಿ. ಆನಿ ಬೆಸೆಂಟರು ಕರೆದರೆಂದು 1915ರಲ್ಲಿ ಇಂಡಿಯಾಕ್ಕೆ ಬಂದು ಮದನಪಲ್ಲಿಯಲ್ಲಿ ಪಾಠ ಹೇಳಿದ. 1919–20ರಲ್ಲಿ ಟೋಕಿಯೊದ ಕೇಯೋ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿ ಬಂದ. 1924ರಲ್ಲಿ ಮೈಸೂರಿಗೆ ಬಂದಾಗ ಮಲೆನಾಡಿನ ಹುಡುಗನೊಬ್ಬ ತನ್ನ ಇಂಗ್ಲಿಷ್ ಪದ್ಯಗಳನ್ನು ತೋರಿಸಿದ. ನಿನ್ನ ಭಾಷೆಯಲ್ಲಿ ಬರೆ ಎಂದ ಕಸಿನ್ಸ್. ಹುಡುಗ ಕುವೆಂಪು ಆದದ್ದು ಎಲ್ಲರಿಗೂ ಗೊತ್ತು. ಹಾಗೆ ಹೇಳಿದ ಕಸಿನ್ಸ್ ಮಾತ್ರ ಕೊನೆಯವರೆಗೂ ಇಂಗ್ಲಿಷಿನಲ್ಲೇ ಬರೆದ. ತನ್ನ ದೇಶದ ಭಾಷೆಗೆ ಏನಾಗಿತ್ತೆಂದು ನೋಡಿದ್ದವನಾದ್ದರಿಂದಲೇ ಆ ಮಾತು ಅವನ ಬಾಯಲ್ಲಿ ಬಂತೇನೋ ಎಂದು ನನಗನ್ನಿಸುತ್ತದೆ.

ಒಬ್ಬ ಅಲ್ಲೇ ಉಳಿದ, ಒಬ್ಬ ಜೀವಮಾನವಿಡೀ ದುಡಿದು ಹಿಂತಿರುಗಿದ, ಒಬ್ಬ ಹಾದುಹೋಗುತ್ತ ಒಂದು ಮಾತು ಹೇಳಿದ. ಇಂಗ್ಲಿಷ್ ಕಲಿಸಲು ಬಂದವರು ಕಲಿಸಿದ್ದಕ್ಕಿಂತ ಕಲಿತದ್ದು ಮುಖ್ಯವಾಯಿತು ಎಂದು ನನ್ನ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಬರೆದಿದ್ದೇನೆ. ಆ ವಾಕ್ಯ ಗೈಡಿಗೆ ಇಷ್ಟವಾಯಿತು. ಆದರೆ ಅದರಲ್ಲಿ ಒಂದು ಲೆಕ್ಕ ಬಿಟ್ಟುಹೋಗಿದೆ ಎಂದು ನನಗೆ ಹೊಳೆದದ್ದು ಮಲ್ಲೇಶ್ವರದ ಹನ್ನೊಂದನೇ ಕ್ರಾಸಿನಲ್ಲಿ.

ಅಲ್ಲಿ ಗೆಳತಿಯ ಅಮ್ಮ ಇದ್ದಾರೆ. ಬ್ಯಾಂಕಿನಿಂದ ನಿವೃತ್ತರು, ಅಂಕಲ್ ತೀರಿಕೊಂಡು ಆರು ವರ್ಷ. ಶನಿವಾರ ಮಾರ್ಕೆಟ್ಟಿನಿಂದ ಮೆಟ್ರೊ ಹತ್ತಿ ಸಂಪಿಗೆ ರಸ್ತೆಯಲ್ಲಿಳಿದು ಅವರ ಮನೆಗೆ ಹೋಗುತ್ತೇನೆ. ಗ್ಯಾಸ್ ಬುಕ್ ಮಾಡುವುದು, ಕಣ್ಣಿನ ಡಾಕ್ಟರ ಹತ್ತಿರ ಜೊತೆಗೆ ಹೋಗುವುದು, ಜಪಾನಿಗೆ ಕಳಿಸುವ ಸಾರಿನ ಪುಡಿ ಚಟ್ನಿಪುಡಿಗಳ ಪಾರ್ಸೆಲ್ಲಿನ ಮೇಲೆ ವಿಳಾಸ ಬರೆಯುವುದು ನನ್ನ ಕೆಲಸ. ಹೋದ ಕೂಡಲೇ ಕಾಫಿ ಕೊಟ್ಟು ಅವರು ಕೇಳುವ ಪ್ರಶ್ನೆ ಒಂದೇ. ‘ಏನಂತೆ? ಯಾವಾಗ ಬರ್ತಾಳಂತೆ?’

ಕರಾರು ಮುಂದುವರಿಸುತ್ತೀಯಾ ಎಂದು ಕೇಳುವ ಕಾಗದ ಅವಳಿಗೆ ಬರುವುದು ಪ್ರತಿ ಚಳಿಗಾಲದಲ್ಲಿ. ಈ ಸಲ ಬಂದಾಗ ಅವಳ ಮೆಸೇಜು ಚಿಕ್ಕದಾಗಿತ್ತು. ‘ನಾಲ್ಕನೇ ವರ್ಷಕ್ಕೆ ಸಹಿ ಮಾಡಿದೆ. ಬರೋ ಮಾರ್ಚಲ್ಲ, ಅದರ ಮುಂದಿನ ಮಾರ್ಚಿಗೆ ನಮ್ಮ ಶಾಲೆ ಮುಚ್ಚುತ್ತೆ, ಪಕ್ಕದೂರಿನ ಶಾಲೆಗೆ ಸೇರಿಸ್ತಾರೆ. ಕೊನೇ ಬ್ಯಾಚಿನ ಏಳು ಮಕ್ಕಳನ್ನ ಬಿಟ್ಟು ಬರೋಕಾಗಲ್ಲ. ಅಮ್ಮನಿಗೆ ನಾನೇ ಹೇಳ್ತೀನಿ, ನೀನು ಹೇಳಬೇಡ.’ ನಾನು ಕಲಿತ ಶಾಲೆಯಲ್ಲೂ ಈಗ ಒಂಬತ್ತೇ ಮಕ್ಕಳು. ಮುಚ್ಚುವ ಶಾಲೆಯ ಸಂಕಟ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಸಿಟ್ಟು ಬಂತು. ಏಳು ಮಕ್ಕಳ ಲೆಕ್ಕ ಇಟ್ಟವಳು ಹನ್ನೊಂದನೇ ಕ್ರಾಸಿನ ಒಂದು ಜೀವದ ಲೆಕ್ಕ ನನಗೆ ಬಿಟ್ಟಿದ್ದಾಳಲ್ಲ ಎಂದು. ಎರಡು ಶನಿವಾರ ಆ ಪ್ರಶ್ನೆಗೆ ‘ಕೇಳಿ ಹೇಳ್ತೀನಿ ಆಂಟಿ’ ಎಂದೆ. ಮೆಟ್ರೊದಲ್ಲಿ ವಾಪಸು ಬರುವಾಗ ಹೊಟ್ಟೆಯೊಳಗೆ ಕಲ್ಲಿಟ್ಟುಕೊಂಡ ಹಾಗೆ.

ಬಿಟ್ಟುಹೋದ ಲೆಕ್ಕ ಇದೇ. ಮೇಷ್ಟ್ರು ಒಂದೂರಿನಲ್ಲಿ ಬೇರು ಬಿಟ್ಟರೆ ಇನ್ನೊಂದೂರಿನಲ್ಲಿ ಒಂದು ಮನೆ ಕಾಯುತ್ತ ಕೂತಿರುತ್ತದೆ. ನಾನು ಓದುವ ಗೆಜೆಟಿಯರುಗಳಲ್ಲಿ, ವರದಿಗಳಲ್ಲಿ ಆ ಮನೆಯ ಸುದ್ದಿ ಬರುವುದಿಲ್ಲ. ಪರದೇಶಕ್ಕೇ ಹೋಗಬೇಕೆಂದೂ ಇಲ್ಲ. ಚಾಮರಾಜಪೇಟೆಯ ಪಿ.ಜಿ.ಯಲ್ಲಿ ನಾನಿರುವುದು ಇದು ಏಳನೇ ವರ್ಷ. ಮೂಲೆಯಂಗಡಿಯವರು ಕೇಳದೆಯೇ ನನ್ನ ಬ್ರೆಡ್ಡು ತೆಗೆದಿಡುತ್ತಾರೆ. ಸಾಗರದಲ್ಲಿ ನನ್ನ ಅಮ್ಮನೂ ಫೋನಿನಲ್ಲಿ ಯಾವಾಗ ಬರ್ತೀಯಾ ಎಂದೇ ಕೇಳುತ್ತಾರೆ, ಬಹುಶಃ ಅಲ್ಲಿ ಗ್ಯಾಸ್ ಬುಕ್ ಮಾಡಿಕೊಡುವವರು ಪಕ್ಕದ ಮನೆಯವರು.

ಗೆಳತಿ ಒಂದು ಭಾನುವಾರ ತಾನೇ ಫೋನು ಮಾಡಿ ಹೇಳಿದಳು. ಮುಂದಿನ ಶನಿವಾರ ನಾನು ಹೆದರಿಕೊಂಡೇ ಹೋದೆ. ಆಂಟಿ ಕಾಫಿ ಕೊಟ್ಟರು. ಪ್ರಶ್ನೆ ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ನಿಂಗೆ ಮೊದಲೇ ಗೊತ್ತಿತ್ತು ಅಲ್ವಾ?’ ಎಂದರು. ಹೌದು ಎಂದೆ. ‘ಹೇಳದೆ ಇದ್ದಿದ್ದು ಸರಿ ಬಿಡು. ಅವಳ ಬಾಯಿಂದಾನೇ ಬರಬೇಕಿತ್ತು.’ ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ‘ಆ ಊರಲ್ಲಿ ಮನೆಯಿಂದ ಹೊರಡೋವಾಗ ಏನೋ ಅಂತಾರಂತಲ್ಲ, ಅವಳು ಹೇಳ್ತಿದ್ಲು?’ ಎಂದರು.

‘ಇತ್ತೆ ಕಿಮಾಸು.’ ಇತ್ತೆ ಎಂದರೆ ಹೋಗಿ, ಕಿಮಾಸು ಎಂದರೆ ಬರುತ್ತೇನೆ. ಒಳಗಿದ್ದವರು ‘ಇತ್ತೆರಾಶ್ಶಾಯ್’ ಎನ್ನುತ್ತಾರೆ. ಹೋಗಿ ಬನ್ನಿ. ಬರೀ ‘ಹೋಗ್ತೀನಿ’ ಎಂದರೆ ನಮ್ಮ ಅಜ್ಜಿಯಂದಿರು ಬಾಯಿ ಮುಚ್ಚಿಸುತ್ತಿದ್ದರು. ಆ ಅಳುಕು ಶಿಮಾನೆಯ ಬೆಟ್ಟದಲ್ಲೂ ಇದೆಯೋ ಏನೋ, ಮಾತಂತೂ ಹಾಗೇ ಇದೆ.

‘ಅವಳು ಬರಲ್ಲ ಅಂದ್ರೆ ನಾನೇ ಹೋಗಿ ಬರ್ತೀನಿ’ ಎಂದರು ಆಂಟಿ. ಪಾಸ್‌ಪೋರ್ಟ್ ಅರ್ಜಿ ತುಂಬಿಸಿದ್ದು ನಾನು. ಅರವತ್ತೊಂದರ ವಯಸ್ಸಿನಲ್ಲಿ ಅವರ ಮೊದಲ ಪಾಸ್‌ಪೋರ್ಟು. ಪೊಲೀಸ್ ವೆರಿಫಿಕೇಶನ್ನಿಗೆ ಬಂದ ಕಾನ್‌ಸ್ಟೇಬಲ್ಲಿಗೂ ಕಾಫಿ ಕೊಟ್ಟು, ಮಗಳು ಜಪಾನಿನಲ್ಲಿ ಮೇಡಂ ಆಗಿದ್ದಾಳೆ ಎಂದರಂತೆ. ಈಗ ಶನಿವಾರಗಳಲ್ಲಿ ನಾವಿಬ್ಬರೂ ಹಿರಗಾನ ಲಿಪಿ ಕಲಿಯುತ್ತೇವೆ, ಬ್ಯಾಂಕಿನ ಹಳೆಯ ಡೈರಿಯಲ್ಲಿ. ಮೊದಲ ದಿನ ಅಕ್ಷರಗಳ ಪಟ್ಟಿಯನ್ನು ಜೋರಾಗಿ ಓದಿದೆ. ಅ ಇ ಉ ಎ ಒ, ಕ ಕಿ ಕು ಕೆ ಕೊ. ಆಂಟಿ ಪೆನ್ನು ಕೆಳಗಿಟ್ಟು, ‘ಇದು ನಮ್ಮ ಕಾಗುಣಿತ ಅಲ್ವೇನೇ!’ ಎಂದರು. ನಿಜವೇ. ಬೌದ್ಧ ಭಿಕ್ಷುಗಳ ಸಂಸ್ಕೃತ ಅಧ್ಯಯನದಿಂದ ಜಪಾನಿಗೆ ಬಂದ ವರ್ಣಮಾಲೆಯ ಕ್ರಮ ಅದು. ಹೇಳಿದೆ. ‘ಹಾಗಾದ್ರೆ ಬೇಗ ಬರುತ್ತೆ ಬಿಡು’ ಎಂದು ಪೆನ್ನು ಎತ್ತಿಕೊಂಡರು.

ಅಕ್ಟೋಬರಿನಲ್ಲಿ, ಹಿಮ ಬೀಳುವ ಮೊದಲು ಹೋಗಬೇಕೆಂದಿದ್ದಾರೆ. ಮೂರನೆಯ ಅಧ್ಯಾಯದ ಆ ವಾಕ್ಯದ ಕೆಳಗೆ ನಾನು ಇನ್ನೂ ಎರಡು ಪುಟ ಬರೆಯಬೇಕಿದೆ. ಅದಕ್ಕೂ ಮೊದಲು ಒಂದು ವಾರ ಸಾಗರಕ್ಕೆ ಟಿಕೆಟ್ ಮಾಡಿಸಿದ್ದೇನೆ. ವಿಷಯ ತಿಳಿದು ಆಂಟಿ ಅರ್ಧ ಕೆಜಿ ಸಾರಿನ ಪುಡಿ ಕಟ್ಟಿಕೊಟ್ಟಿದ್ದಾರೆ, ನನ್ನ ಅಮ್ಮನಿಗೆ.