ಪೆಟ್ರೋಲ್ ಕಾಕ್ ಎಲ್ಲಿರಬೇಕು?

ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ತಿರುವು ರಸ್ತೆಯಲ್ಲಿ ಹಳೆಯ ಮೋಟಾರ್ ಸೈಕಲ್ಲೊಂದು ಇದ್ದಕ್ಕಿದ್ದಂತೆ ಕೆಮ್ಮತೊಡಗಿದರೆ ಸವಾರ ಗಾಬರಿಯಾಗುವುದಿಲ್ಲ. 'ರಿಸರ್ವ್‌ಗೆ ಬಂತು' ಎಂದುಕೊಂಡು ಕೈಯನ್ನು ಟ್ಯಾಂಕಿನ ಕೆಳಗೆ ಇಳಿಸಿ ಪೆಟ್ರೋಲ್ ಕಾಕನ್ನು ತಿರುಗಿಸುತ್ತಾನೆ. ಕಣ್ಣು ಮಾತ್ರ ರಸ್ತೆಯ ಮೇಲೇ ಇರುತ್ತದೆ. ಅದೇ ಕಾಕ್ ಅವನ ಎಡ ಹೆಗಲಿನ ಹಿಂದೆ ಇದ್ದಿದ್ದರೆ?

1997ರ ಅಕ್ಟೋಬರ್ 12ರಂದು ಅಮೆರಿಕದ ಹೆಸರಾಂತ ಗಾಯಕ ಜಾನ್ ಡೆನ್ವರ್ ಸತ್ತದ್ದು ಹೀಗೆ. ಅವರು ಹಾರಿಸುತ್ತಿದ್ದುದು 'ಲಾಂಗ್-ಈಝಿ' ಎಂಬ ಪುಟ್ಟ ವಿಮಾನ. ನಕ್ಷೆ ಕೊಂಡು ಮನೆಯಲ್ಲೇ ಕಟ್ಟಿಕೊಳ್ಳುವಂಥದು. ಡೆನ್ವರ್ ಅದನ್ನು ಕಟ್ಟಿರಲಿಲ್ಲ, ಆಗತಾನೆ ಕೊಂಡಿದ್ದರು. ನಕ್ಷೆಯ ಪ್ರಕಾರ ಇಂಧನದ ಕಾಕ್ ಪೈಲಟ್‌ನ ಕಾಲುಗಳ ನಡುವೆ, ಕೈಗೆಟಕುವಲ್ಲಿ ಇರಬೇಕು. ಕಟ್ಟಿದಾತ ಕೂರುವ ಜಾಗದಲ್ಲಿ ಪೆಟ್ರೋಲ್ ಕೊಳವೆ ಬೇಡವೆಂದು ಅದನ್ನು ಎಡ ಹೆಗಲಿನ ಹಿಂದಕ್ಕೆ ಒಯ್ದಿದ್ದ. ಉದ್ದೇಶ ಒಳ್ಳೆಯದೇ. ಆದರೆ ಟ್ಯಾಂಕ್ ಬದಲಿಸಲು ಪೈಲಟ್ ಹಿಂದಕ್ಕೆ ತಿರುಚಿಕೊಳ್ಳಬೇಕು. ಹಾಗೆ ತಿರುಚಿದಾಗ ಬಲಗಾಲು ತಾನಾಗಿ ರಡ್ಡರ್ ಪೆಡಲನ್ನು ಒತ್ತುತ್ತದೆ. ಹಾಗೆಯೇ ಆಗಿರಬೇಕೆಂಬುದು ತನಿಖೆಯ ತೀರ್ಮಾನ. ವಿಮಾನ ಕ್ಯಾಲಿಫೋರ್ನಿಯಾದ ಕಡಲಿಗೆ ಬಿತ್ತು. ಡೆನ್ವರ್ ಹೊಸಬರೇನಲ್ಲ, ಪಳಗಿದ ಪೈಲಟ್.

ಈ ಲಾಂಗ್-ಈಝಿ ನಮಗೆ ದೂರದ್ದಲ್ಲ. ಬರ್ಟ್ ರುಟಾನ್ ಎಂಬ ಎಂಜಿನಿಯರನ ಇದೇ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಒಂದು ವಿಮಾನ ಕಟ್ಟಿತು. ಪ್ರೊ. ರೊದ್ದಂ ನರಸಿಂಹ ಆಗ ನಿರ್ದೇಶಕರು. ಅದು ಮೊದಲು ಹಾರಿದ್ದು 1987ರ ಫೆಬ್ರುವರಿ 26ರಂದು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ರುಟಾನನ ಇನ್ನೊಂದು ವಿಮಾನ 'ವಾಯೇಜರ್' ಎಲ್ಲಿಯೂ ಇಳಿಯದೆ, ನಡುವೆ ಇಂಧನ ತುಂಬದೆ ಒಂಬತ್ತು ದಿನಗಳಲ್ಲಿ ಭೂಮಿಯನ್ನು ಸುತ್ತಿತ್ತು. ಬೆಂಗಳೂರಿನಲ್ಲಿ ಹೀಗೆ ಕಲಿತ ಕೈಗಳು ಮುಂದೆ 'ಹಂಸ' ತರಬೇತಿ ವಿಮಾನಕ್ಕೆ ದುಡಿದವು. ಅದರ ಮೊದಲ ಹಾರಾಟ 1993ರ ನವೆಂಬರ್ 17ರಂದು.

ಲಾಂಗ್-ಈಝಿಯ ರೆಕ್ಕೆಯಲ್ಲಿ ತಗಡಿಲ್ಲ. ಥರ್ಮೋಕೋಲಿನಂಥ ಹಗುರ ಫೋಮನ್ನು ಬಿಸಿ ತಂತಿಯಿಂದ ಕೊಯ್ದು, ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ ಎಪಾಕ್ಸಿ ಅಂಟು ಕುಡಿಸುತ್ತಾರೆ. ಇದರ ಗುಟ್ಟನ್ನು ವಿದ್ಯಾರ್ಥಿಗಳು ಮನೆಯಲ್ಲೇ ನೋಡಬಹುದು. ಥರ್ಮೋಕೋಲಿನ ಪಟ್ಟಿಯೊಂದರ ಎರಡೂ ಬದಿಗೆ ದಪ್ಪ ಕಾಗದ ಅಂಟಿಸಿ, ಒಣಗಿದ ಮೇಲೆ ಎರಡು ಇಟ್ಟಿಗೆಗಳ ಮೇಲೆ ಸೇತುವೆಯಂತೆ ಇಟ್ಟು ತೂಕ ಹೇರಿ. ಬರಿಯ ಪಟ್ಟಿಗಿಂತ ಇದು ಎಷ್ಟೋ ಹೆಚ್ಚು ಹೊರುತ್ತದೆ. ಇನ್ನೊಂದು ಪಟ್ಟಿಯಲ್ಲಿ ಮೇಲುಬದಿಯ ನಡುವೆ ಎರಡು ಬೆರಳಿನಷ್ಟು ಜಾಗಕ್ಕೆ ಅಂಟು ಹಚ್ಚದೆ ಬಿಡಿ. ಭಾರ ಏರಿದಂತೆ ಕಾಗದ ಉಬ್ಬಿ ಸುಕ್ಕಾಗುವುದು ಅಲ್ಲಿಯೇ. ಹೊರಗಿನಿಂದ ನೋಡಿದರೆ ಎರಡೂ ಪಟ್ಟಿ ಒಂದೇ!

ಮಗ ವಿಮಾನ ಕಟ್ಟುತ್ತೇನೆಂದರೆ ಹೆತ್ತವರು ಮೊದಲು ಕೇಳುವುದು ಖರ್ಚನ್ನು. ಕೇಳಬೇಕಾದ್ದು ಬೇರೆ: ತಿಂಗಳುಗಟ್ಟಲೆ ಮಾಡಿದ ರೆಕ್ಕೆಯಲ್ಲಿ ಅಂಟು ಕೂರದ ಜಾಗವೊಂದು ಕಂಡರೆ ಅದನ್ನು ಕತ್ತರಿಸಿ ಎಸೆಯುವ ಮನಸ್ಸು ಇವನಿಗಿದೆಯೇ? ಮುಂಬಯಿಯ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಆರು ಆಸನಗಳ ವಿಮಾನ ಕಟ್ಟಿ 2016ರಲ್ಲಿ ಪ್ರದರ್ಶಿಸಿದರು. ಅದಕ್ಕೆ ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಿಸಲು ಪರವಾನಗಿ 2019ರಲ್ಲಿ. ಅಷ್ಟು ತಾಳ್ಮೆ ಬೇಕು.

ಇನ್ನು ಮೂಡಿಗೆರೆಯ ತೋಟದವರೊಬ್ಬರು ಇಂಥ ವಿಮಾನ ಇಟ್ಟುಕೊಳ್ಳುತ್ತಾರೆನ್ನಿ. ಲಾಂಗ್-ಈಝಿ ಇಲ್ಲಿಗೆ ಆಗಿಬರದು. ಅದರ ಚಕ್ರಗಳು ಚಿಕ್ಕವು, ಪ್ರೊಪೆಲ್ಲರ್ ಹಿಂದಿದೆ. ಚಕ್ರ ಚಿಮ್ಮಿಸಿದ ಕಲ್ಲು ನೇರ ಅದಕ್ಕೇ ಬಡಿಯುತ್ತದೆ. ಅದಕ್ಕೆ ನುಣುಪಾದ ಉದ್ದ ರನ್‌ವೇ ಬೇಕು. ಬೆಂಗಳೂರಿನ ರಾಜ್ ಹಂಸ ಸಂಸ್ಥೆ ಬಿಡಿಭಾಗಗಳ ಕಿಟ್ ಆಗಿ ಹೊರದೇಶಗಳಿಗೂ ಮಾರಿದ 'ಎಕ್ಸ್-ಏರ್' ಇದಕ್ಕಿಂತ ವಾಸಿ. ಅಲ್ಯೂಮಿನಿಯಂ ಕೊಳವೆ, ಬಟ್ಟೆಯ ಹೊದಿಕೆ, ನಿಧಾನದ ಹಾರಾಟ. ಹುಲ್ಲಿನ ಮೈದಾನ ಸಾಕು.

ಆದರೂ ಲೆಕ್ಕ ತಪ್ಪುವಂತಿಲ್ಲ. ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕಡಲತೀರದ್ದಕ್ಕಿಂತ ಸುಮಾರು ಶೇ. 10ರಷ್ಟು ಕಡಿಮೆ, ಬಿಸಿಲೇರಿದರೆ ಇನ್ನೂ ಕಡಿಮೆ. ಎಂಜಿನ್‌ನ ಶಕ್ತಿಯೂ ರೆಕ್ಕೆಯ ಎತ್ತುವ ಬಲವೂ ಒಟ್ಟಿಗೇ ಕುಗ್ಗಿ, ಮೇಲೇರಲು ಹೆಚ್ಚು ದೂರ ಓಡಬೇಕಾಗುತ್ತದೆ. ಪಡುವಣ ಗಾಳಿ ಗುಡ್ಡದ ಸಾಲು ದಾಟಿ ಪೂರ್ವದ ಮಗ್ಗುಲಿಗೆ ಧುಮುಕುವಲ್ಲಿ ಸಿಕ್ಕಿಕೊಂಡರೆ ಪುಟ್ಟ ಎಂಜಿನ್ ಎಷ್ಟು ಒದರಿದರೂ ವಿಮಾನ ಇಳಿಯುತ್ತಲೇ ಹೋಗಬಹುದು. ಎಂಜಿನ್ ನಿಂತರೆ? ಒಂದು ಮೀಟರ್ ಇಳಿಯುವಷ್ಟರಲ್ಲಿ ಹತ್ತು ಮೀಟರ್ ಮುಂದೆ ಸಾಗುವ ವಿಮಾನ 300 ಮೀಟರ್ ಎತ್ತರದಿಂದ ತೇಲಿಬರುವುದು 3 ಕಿಲೋಮೀಟರ್. ಅಷ್ಟರೊಳಗೆ ಬಯಲು ಸಿಗಬೇಕು. ಕೆಳಗಿರುವುದು ಸಿಲ್ವರ್ ಓಕ್, ಅದರಡಿ ಕಾಫಿ. ಕಣಿವೆಯ ಗದ್ದೆಗಳು ಕುಯ್ಲಾದ ಮೇಲಷ್ಟೇ ಬಯಲು.

ಮಳೆಗಾಲವಂತೂ ವಿಮಾನ ಷೆಡ್ಡಿನಲ್ಲೇ. ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವ ರಾತ್ರಿಯ ತಂಪಿಗೆ ಹನಿಗಟ್ಟಿ ತಳ ಸೇರುತ್ತದೆ. ನೀರು ಪೆಟ್ರೋಲಿಗಿಂತ ಭಾರ. ಅದಕ್ಕೇ ಹಾರುವ ಮುನ್ನ ಪ್ರತಿ ಸಲವೂ ಟ್ಯಾಂಕಿನ ತಳದಿಂದ ಒಂದಿಷ್ಟನ್ನು ಗಾಜಿನ ಲೋಟಕ್ಕೆ ಬಸಿದು ಬೆಳಕಿಗೆ ಹಿಡಿದು ನೋಡುತ್ತಾರೆ. ಅಡಿಯಲ್ಲಿ ಗುಳ್ಳೆಯಂತೆ ಒಂದು ಹನಿ ಕಂಡರೂ ಮತ್ತೆ ಬಸಿಯಬೇಕು, ಮತ್ತೆ ನೋಡಬೇಕು.